ಕಲ್ಲಿನೊಳಗಿನ ಕತ್ತಿ ಓದುವ ಬಗೆ

ಗೊರೇಬಾಳ ಎಂಬ ಊರಿನ ಗದ್ದೆಗಳಿಗೆ ಈಗ ಭತ್ತ ಕೊಯ್ಯುವ ಮಷೀನು ಬಂದಿದೆ. ಆದರೂ ಕುಡಗೋಲಿನ ಬಾಯಿ ಬಾಗಿನ ಒಳಬದಿಗೇ ಯಾಕಿರಬೇಕು ಅನ್ನುವುದನ್ನು ಇಲ್ಲಿಯವರ ಕೈ ಮರೆತಿಲ್ಲ. ಹಳೇ ಕಲ್ಲುಗಳ ಮುಂದೆ ನಿಂತಾಗ ಬೇಕಾಗುವುದು ಇದೇ ಕೈಯರಿವು.

ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನ ಸಿಕ್ಕರೆ ಅಕ್ಷರಕ್ಕಿಂತ ಮೊದಲು ನೆತ್ತಿ ನೋಡಿ. ನಡುವೆ ಲಿಂಗ, ಒಂದು ಮಗ್ಗುಲಿಗೆ ನಂದಿ, ಇನ್ನೊಂದಕ್ಕೆ ಕರುವಿಗೆ ಹಾಲೂಡಿಸುವ ಆಕಳು, ಮೇಲೆ ಸೂರ್ಯ ಚಂದ್ರ. ಇಷ್ಟನ್ನು ಯಾರಾದರೂ ಗುರುತಿಸುತ್ತಾರೆ. ಕೆಲವು ಕಲ್ಲುಗಳಲ್ಲಿ ಆಕಳ ಬೆನ್ನಿನ ಮೇಲೊಂದು ಬಾಗಿದ ಕತ್ತಿ ಇರುತ್ತದೆ, ಕಣ್ಣು ತಪ್ಪುವುದು ಅಲ್ಲೇ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಶಾಸನಗಳನ್ನು ಓದಿದ ಜೆ.ಎಫ್. ಫ್ಲೀಟ್ 'ಬಾಗಿದ ಕತ್ತಿ' ಅಂತ ಒಂದು ಮಾತು ಬರೆದು ಮುಂದೆ ಸಾಗಿದ. ನೀವು ಸಾಗಬೇಡಿ. ಹಿಡಿ ಎಷ್ಟುದ್ದ, ತುದಿ ಎತ್ತ ಹೊರಳಿದೆ, ನೋಡಿ. ಮುಖ್ಯವಾಗಿ, ಅದನ್ನು ಹಿಡಿದ ಕೈ ಇಲ್ಲ. ಕೈಬಿಟ್ಟ ಕತ್ತಿ ಅಲ್ಲಿ ಆಯುಧವಲ್ಲ, ಗುರುತು.

ಮೆಕ್ಸಿಕೋದ ನಾವಾತ್ಲ್ ನುಡಿಯ ಜನ ಹೀಗೆ ವಸ್ತುವನ್ನು ಗುರುತಾಗಿಸುವುದನ್ನೇ ಬರವಣಿಗೆ ಮಾಡಿಕೊಂಡಿದ್ದರು. ಗುಡ್ಡದ ಮೇಲೊಂದು ತಾಮ್ರದ ಕೊಡಲಿ ಬರೆದರೆ ಅದು ತೆಪೋಸ್ತ್ಲಾನ್ ಎಂಬ ಊರು. ಕಪ್ಪದ ಪಟ್ಟಿಯಲ್ಲಿ ಕೊಡಲಿಗೆ ಬಾವುಟ ಸಿಕ್ಕಿಸಿದರೆ 20 ಅಂತ ಲೆಕ್ಕ. ಸ್ಪೇನಿನವರು ಕಬ್ಬಿಣ ತಂದಾಗ ತಾಮ್ರದ 'ತೆಪೋಸ್ತ್ಲಿ'ಯೇ ಕಬ್ಬಿಣಕ್ಕೂ ಹೆಸರಾಯಿತು. ನಮ್ಮ ಕಬ್ಬಿಣವೂ ಕರಿಯ ಹೊನ್ನೇ ಅಲ್ಲವೇ, ಕರ್ಬೊನ್!

ಮಸ್ಕಿಯ ಅಶೋಕನ ಬಂಡೆಯ ಮುಂದೆ ಗುರುತು ಓದುವ ಈ ಆಟ ನಡೆಯದು, ಅಲ್ಲಿ ಬರೀ ಅಕ್ಷರ.

ಚಿತ್ರ ತುಂಬಿದ ವೀರಗಲ್ಲನ್ನಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಪಟ್ಟಿಯಲ್ಲಿ ಕತ್ತಿ, ಬಿಲ್ಲು, ಈಟಿಗಳ ನೂಕುನುಗ್ಗಲು. ಶಿಲ್ಪಿ ಮುಖಕ್ಕಿಂತ ಕತ್ತಿಯ ಅಲಗಿಗೇ ಹೆಚ್ಚು ಉಳಿ ಸವೆಸಿದ್ದಾನೇನೋ ಅನ್ನಿಸುವ ಕಲ್ಲುಗಳೂ ಉಂಟು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಸತ್ತ ವೀರನನ್ನು ಒಯ್ಯುತ್ತಾರೆ. ಮೇಲೆ, ಲಿಂಗದೆದುರು ಕೂತವನ ಕೈ ಮುಗಿದಿದೆ, ಕತ್ತಿ ಎಲ್ಲೂ ಇಲ್ಲ.

ನಡು ಮಧ್ಯಾಹ್ನ ಹೋಗಬೇಡಿ, ನೆತ್ತಿಯ ಬಿಸಿಲಿಗೆ ಕಲ್ಲು ಬರೀ ಕಲ್ಲು. ಗುಡಿಯೊಳಗೆ ಎಣ್ಣೆ ಮೆತ್ತಿದ ಕಲ್ಲಾದರೆ ಮೊಬೈಲ್ ಟಾರ್ಚನ್ನು ಮಗ್ಗುಲಿಂದ ಹಿಡಿಯಿರಿ. ಅಲಗಿನ ಅಂಚು ನೆರಳಾಗಿ ಏಳುತ್ತದೆ. ಸುಣ್ಣದ ಕಡ್ಡಿಯಿಂದ ತಿದ್ದಲು ಮಾತ್ರ ಹೋಗಬೇಡಿ.