ಷಗಾಲ್ ಕಂಡ ಸಂಸಾರ: ಯಹೂದಿ ಮನೆಯ ಚಿತ್ರಗಳನ್ನು ನೋಡುವ ಬಗೆ

ಮಾರ್ಕ್ ಷಗಾಲ್ ಎಂದರೆ ಥಟ್ಟನೆ ನೆನಪಾಗುವುದು ಗಾಳಿಯಲ್ಲಿ ತೇಲುವ ಪ್ರೇಮಿಗಳು, ಸೂರಿನ ಮೇಲೆ ಕೂತ ಪಿಟೀಲುಗಾರ, ಹಸಿರು ಮುಖದ ಮನುಷ್ಯ, ತಲೆಕೆಳಗಾಗಿ ನಿಂತ ಮನೆ. ಇವನ್ನೆಲ್ಲ ಕನಸಿನ ಲೆಕ್ಕಕ್ಕೆ ಸೇರಿಸಿ ಮುಂದೆ ಹೋಗುವವರೇ ಹೆಚ್ಚು. ಆದರೆ 1908ರಿಂದ 1920ರವರೆಗೆ ಆತ ಮಾಡಿದ ಕೆಲಸದಲ್ಲಿ ದೊಡ್ಡ ಪಾಲು ಒಂದು ಊರಿನ, ಒಂದು ಸಮುದಾಯದ ಮನೆವಾರ್ತೆಗೆ ಸೇರಿದ್ದು. ಹೆರಿಗೆ, ಮದುವೆ, ಸಾವು, ಹಬ್ಬ, ವಾರದ ಬಿಡುವು, ಮೇಜಿನ ಮೇಲಿನ ಹಣ್ಣು, ಗೋಡೆಯ ಗಡಿಯಾರ ಇವೇ ಅದರ ವಸ್ತು. ಹೊಸದಾಗಿ ಚಿತ್ರ ನೋಡಲು ಹೊರಟವರು ಈ ಕಡೆಯಿಂದ ಒಳಗೆ ಹೋದರೆ ತೇಲುವ ಪ್ರೇಮಿಗಳೂ ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ.

ಷಗಾಲ್ ಹುಟ್ಟಿದ್ದು 1887ರಲ್ಲಿ, ಅಂದು ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಬೆಲಾರುಸ್‌ನಲ್ಲಿರುವ ವಿಟೆಬ್ಸ್ಕ್ ಸೀಮೆಯಲ್ಲಿ. ಊರಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಯಹೂದಿಗಳು. ತಂದೆ ಉಪ್ಪುಮೀನಿನ ಉಗ್ರಾಣದಲ್ಲಿ ಕೂಲಿ, ತಾಯಿ ದಿನಸಿ ಅಂಗಡಿ ನಡೆಸಿದವಳು, ಒಂಬತ್ತು ಮಕ್ಕಳಲ್ಲಿ ಇವನೇ ಹಿರಿಯ. ಮನೆಮಾತು ಯಿಡ್ಡಿಷ್. ನಡೆದುಕೊಳ್ಳುತ್ತಿದ್ದುದು ಹಸಿದಿ ಪಂಥಕ್ಕೆ. ಹಾಡು ಕುಣಿತಗಳನ್ನೂ ಪ್ರಾರ್ಥನೆಯೆಂದೇ ಎಣಿಸುವ, ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ ಭಕ್ತಿಮಾರ್ಗವದು. ತನ್ನದೇ ಮಾತು, ತನ್ನದೇ ಉಡುಗೆ, ತನ್ನದೇ ಹಬ್ಬದ ಲೆಕ್ಕ ಇಟ್ಟುಕೊಂಡು ಬೇರೆಯವರ ನಡುವೆ ಬಾಳುವ ಸಮುದಾಯ ಹೇಗಿರುತ್ತದೆ ಎಂಬುದನ್ನು, ಸೂರಗೊಂಡನಕೊಪ್ಪದಲ್ಲಿ ಲಂಬಾಣಿಗಳ ಸೇವಾಲಾಲ್ ಜಾತ್ರೆ ಕಂಡ ನ್ಯಾಮತಿ, ಹೊನ್ನಾಳಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಂಥ ಮನೆಯಲ್ಲಿ ಚಿತ್ರಕಾರ ಹುಟ್ಟುವುದು ಸಲೀಸಾಗಿರಲಿಲ್ಲ. ಮನುಷ್ಯರ ಆಕಾರ ಬರೆಯುವುದು ಧರ್ಮಕ್ಕೆ ಹೊಂದುವುದಿಲ್ಲ ಎಂದು ನಂಬಿದ ನಿಷ್ಠಾವಂತರು ಬಳಗದಲ್ಲೇ ಇದ್ದರು. ಹುಡುಗ ಚಿತ್ರ ಬರೆಯುತ್ತಾನೆಂದು ತಿಳಿದ ಚಿಕ್ಕಪ್ಪನೊಬ್ಬ ಅವನ ಕೈ ಕುಲುಕಲೂ ಹಿಂಜರಿದನಂತೆ; ಷಗಾಲ್ ಆತ್ಮಕಥೆಯಲ್ಲಿ ಇದನ್ನು ನಗುತ್ತಲೇ ಹೇಳಿಕೊಂಡಿದ್ದಾನೆ. ಅವನ ಮೊದಲ ಗುರು ಯೆಹೂದಾ ಪೆನ್ ಅದೇ ಊರಿನಲ್ಲಿ ಶಾಲೆ ತೆರೆದು ಯಹೂದಿ ಮುದುಕರನ್ನು, ಕಸುಬುದಾರರನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದವನು. ಗುರು ಶಿಷ್ಯರ ಒಂದೊಂದು ಚಿತ್ರವನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯ ಆರಂಭ. ಪೆನ್ ಬರೆದ ಕೋಣೆಯಲ್ಲಿ ಏನೇನು ಸಾಮಾನಿತ್ತು ಎಂದು ಪಟ್ಟಿ ಮಾಡಬಹುದು. ಷಗಾಲ್ ಬರೆದ ಕೋಣೆಯಲ್ಲಿ ಆ ಮನೆಯವರಿಗೆ ಯಾವುದು ದೊಡ್ಡದು, ಯಾವುದು ಸಣ್ಣದು ಎಂಬುದು ತಿಳಿಯುತ್ತದೆ.

ಚಿತ್ರದಲ್ಲಿ ನಡೆಯುತ್ತಿರುವುದು ಯಾವ ಆಚರಣೆ ಎಂದು ಗುರುತಿಸುವುದು ನೋಡುಗರ ಮೊದಲ ಕೆಲಸ. 1910ರ ‘ಸಬ್ಬತ್’ ಚಿತ್ರದಲ್ಲಿ ಜನ ಕೋಣೆಯ ತುಂಬ ಅಲ್ಲಲ್ಲಿ ಸುಮ್ಮನೆ ಕೂತಿದ್ದಾರೆ. ತೂಗುದೀಪ ಉರಿಯುತ್ತಿದೆ, ಗಡಿಯಾರ ನಡೆಯುತ್ತಿದೆ. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಯಹೂದಿ ಮನೆಯಲ್ಲಿ ಯಾವ ದುಡಿಮೆಯೂ ಇಲ್ಲ, ಹೊಸದಾಗಿ ಬೆಂಕಿ ಹೊತ್ತಿಸುವಂತೆಯೂ ಇಲ್ಲ ಎಂದು ಗೊತ್ತಿದ್ದವರಿಗೆ ಆ ಸುಮ್ಮನಿರುವಿಕೆಯೇ ಚಿತ್ರದ ಕಥೆ. ಗೊತ್ತಿಲ್ಲದವರಿಗೆ ಅದು ಬೇಸರ ಹಿಡಿದವರ ಗುಂಪು. ಹಾಗೆಯೇ 1914ರ ಇನ್ನೊಂದು ಚಿತ್ರಕ್ಕೆ ‘ನಿಂಬೆಹಣ್ಣು ಹಿಡಿದ ರಬ್ಬಿ’ ಎಂಬ ಹೆಸರು ರೂಢಿಯಾಗಿದೆ. ಮುದುಕನ ಕೈಯಲ್ಲಿರುವುದು ನಿಂಬೆಯಲ್ಲ, ಸುಕ್ಕೋತ್ ಹಬ್ಬಕ್ಕೆ ಬೇಕೇ ಬೇಕಾದ ಮಾದಳ ಹಣ್ಣು. ಇನ್ನೊಂದು ಕೈಯಲ್ಲಿ ತಾಳೆಗರಿ. ಅವನ ತಲೆಯ ಮೇಲೆ ಅವನದೇ ರೂಪದ ಪುಟ್ಟ ಮನುಷ್ಯನೊಬ್ಬ ಎದುರು ದಿಕ್ಕಿಗೆ ಮುಖ ಮಾಡಿ ನಿಂತಿದ್ದಾನೆ. ಇದಕ್ಕೆ ವಿದ್ವಾಂಸರು ಹಲವು ಅರ್ಥ ಹೇಳಿದ್ದಾರೆ. ಹೊಸ ನೋಡುಗರು ಅರ್ಥಕ್ಕೆ ಆತುರಪಡದೆ, ದೊಡ್ಡ ಮುದುಕ ಒಳಗೆ ಹೋಗುತ್ತಿದ್ದಾನೋ ಹೊರಗೆ ಬರುತ್ತಿದ್ದಾನೋ ಎಂದು ಕೇಳಿಕೊಂಡರೆ ಸಾಕು. ಚಿತ್ರದ ಬಿಗಿಯೆಲ್ಲ ಆ ಗೊಂದಲದಲ್ಲೇ ಇದೆ.

ಎರಡನೆಯದು, ಯಾರನ್ನು ಎಲ್ಲಿ ಇಟ್ಟಿದ್ದಾನೆ ಎಂದು ನೋಡುವುದು. ಇದನ್ನು ಕಲಿಯಲು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿರುವ 1910ರ ‘ಜನನ’ಕ್ಕಿಂತ ಒಳ್ಳೆಯ ಚಿತ್ರ ಸಿಗದು. ಎಡಕ್ಕೆ ಕೆಂಪು ಮೇಲ್ಕಟ್ಟಿನ ಮಂಚ. ಹೆತ್ತು ಸುಸ್ತಾದ ಬೆತ್ತಲೆ ತಾಯಿ, ಹಾಸಿಗೆಯ ಮೇಲೆ ರಕ್ತ. ಸೂಲಗಿತ್ತಿ ಮಗುವನ್ನು ಹಿಡಿದು ಕಂಬದಂತೆ ನಿಂತಿದ್ದಾಳೆ. ಮಂಚದ ಕೆಳಗೊಬ್ಬ ಗಡ್ಡದ ಗಂಡಸು ತೆವಳಿಕೊಂಡಿದ್ದಾನೆ. ಬಲಕ್ಕೆ ಬಾಗಿಲಲ್ಲಿ ಗಂಡಸರ ಗುಂಪು, ಅವರ ಜೊತೆಗೊಂದು ಹಸು. ಒಂದೇ ಕೋಣೆ, ಆದರೆ ನಡುವೆ ಗೆರೆ ಎಳೆದಂತೆ ಎರಡು ಲೋಕ: ಒಂದು ಹೆಂಗಸರ ನೋವಿನದು, ಇನ್ನೊಂದು ಸುದ್ದಿಗೆ ಕಾದ ಗಂಡಸರದು. ಬೆಳಕು ಯಾವ ಕಡೆ ಚೆಲ್ಲಿದೆ, ನೆರಳು ಯಾರಿಗೆ ಸಿಕ್ಕಿದೆ ಎಂಬುದನ್ನೂ ಗಮನಿಸಬೇಕು. ಬಾಣಂತಿಯ ಕೋಣೆಯ ಕಟ್ಟುಪಾಡು ಬಲ್ಲ ಜಗಳೂರಿನ ಅಜ್ಜಿಯೊಬ್ಬಳು ಈ ಚಿತ್ರವನ್ನು ಕಲಾವಿಮರ್ಶಕರಿಗಿಂತ ಬೇಗ ಓದಿಯಾಳು.

ಹಸುವಿನ ವಿಷಯಕ್ಕೂ ಗಾಬರಿ ಬೇಡ. ಷಗಾಲ್‌ನ ಅಜ್ಜ ಕಸಾಯಿ. ಹಸು ಆ ಬಳಗದ ಬದುಕಿಗೆ ಹತ್ತಿರದ ಪ್ರಾಣಿ. ಸೂರಿನ ಮೇಲಿನ ಮನುಷ್ಯನೂ ಪೂರ್ತಿ ಕಲ್ಪನೆಯಲ್ಲ. ಒಂದು ಹಬ್ಬದ ದಿನ ಕಾಣೆಯಾದ ಅಜ್ಜ ಕೊನೆಗೆ ಸಿಕ್ಕಿದ್ದು ಸೂರಿನ ಮೇಲೆ, ಗಜ್ಜರಿ ತಿನ್ನುತ್ತಾ ಕೂತಿದ್ದಾಗ ಎಂಬ ಪ್ರಸಂಗ ಆತ್ಮಕಥೆಯಲ್ಲಿದೆ. 1908ರ ‘ಸತ್ತವನು’ ಚಿತ್ರದಲ್ಲಿ ಬೀದಿಯ ನಡುವೆ ಹೆಣ, ಸುತ್ತ ಮೇಣದ ಬತ್ತಿ, ಅಳುವ ಹೆಂಗಸು, ಇವಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಕಸ ಗುಡಿಸುವವನು. ಮೇಲೆ ಸೂರಿನಲ್ಲಿ ಪಿಟೀಲುಗಾರ. ಮುಂದೆ ಲೋಕಪ್ರಸಿದ್ಧನಾದ ಈ ಪಿಟೀಲುಗಾರ ಮೊದಲು ಬಂದದ್ದು ಸಾವಿನ ಮನೆಗೆ.

1911ರ ಹೊತ್ತಿಗೆ ಷಗಾಲ್ ಪ್ಯಾರಿಸ್‌ನಲ್ಲಿದ್ದ. ಅಲ್ಲಿ ಕ್ಯೂಬಿಸಂ ಬಲವಾಗಿತ್ತು. ವಸ್ತುವನ್ನು ಒಡೆದು ಹಲವು ಮಗ್ಗುಲಿನಿಂದ ಒಟ್ಟಿಗೆ ತೋರಿಸುವ ಆ ಪದ್ಧತಿಯನ್ನು ಇವನೂ ಕಲಿತ. ಆದರೆ ಪ್ಯಾರಿಸ್‌ನ ಗೆಳೆಯರು ಗಿಟಾರು, ಬಾಟಲಿಗಳನ್ನು ಒಡೆಯುತ್ತಿದ್ದರೆ ಇವನು ಒಡೆದದ್ದು ತನ್ನೂರನ್ನು. ‘ನಾನು ಮತ್ತು ಹಳ್ಳಿ’ಯಲ್ಲಿ ಹಸುವಿನ ಕೆನ್ನೆಯೊಳಗೆ ಹಾಲು ಕರೆಯುವವಳಿದ್ದಾಳೆ, ಮನೆಗಳ ಸಾಲಿನಲ್ಲಿ ಎರಡು ತಲೆಕೆಳಗಾಗಿವೆ. ಕಣ್ಣೆದುರಿನ ಮನೆ ಹೀಗಿರುವುದಿಲ್ಲ. ದೂರದಲ್ಲಿದ್ದು ನೆನೆಸಿಕೊಂಡ ಮನೆ ಹೀಗಿರುತ್ತದೆ. ಷಗಾಲ್‌ನ ಮನೆ ಚಿತ್ರಗಳಿಗೆ ಇದಕ್ಕಿಂತ ಒಳ್ಳೆಯ ಕೀಲಿಕೈ ಇಲ್ಲ.

ಪುರಾವೆ ಬೇಕೆಂದರೆ 1914ರ ನಂತರದ ಚಿತ್ರಗಳಿವೆ. ಊರಿಗೆ ಬಂದವನು ಮಹಾಯುದ್ಧದಿಂದಾಗಿ ಅಲ್ಲೇ ಸಿಕ್ಕಿಕೊಂಡ. ಮನೆ ಮತ್ತೆ ಕಣ್ಣೆದುರಿಗೆ ಬಂದೊಡನೆ ಚಿತ್ರ ಶಾಂತವಾಯಿತು. ‘ಗಡಿಯಾರ’ದಲ್ಲಿ ದೊಡ್ಡ ಗೋಡೆ ಗಡಿಯಾರದ ಪಕ್ಕ, ಕಿಟಕಿಯ ಬಳಿ, ಒಬ್ಬ ಪುಟ್ಟ ಮನುಷ್ಯ. 1915ರ ‘ಕನ್ನಡಿ’ಯಲ್ಲಿ ಭಾರೀ ಕನ್ನಡಿಯೊಳಗೆ ಉರಿಯುವ ದೀಪ, ಕೆಳಗೆ ಮೇಜಿಗೆ ತಲೆಯಿಟ್ಟ ಸಣ್ಣ ಹೆಣ್ಣು. ಅದೇ ವರ್ಷ, ಬೆಲ್ಲಾ ರೋಸೆನ್‌ಫೆಲ್ಡ್‌ಳನ್ನು ಮದುವೆಯಾಗುವ ತುಸು ಮೊದಲು, ‘ಹುಟ್ಟುಹಬ್ಬ’ ಬಂತು. ಹೂ ಹಿಡಿದು ಬಂದ ಬೆಲ್ಲಾ, ಅವಳ ಮೇಲೆ ತೇಲಿ ಕತ್ತು ಹೊರಳಿಸಿ ಮುತ್ತಿಡುವ ಗಂಡು. ತೇಲುವುದನ್ನು ಎಲ್ಲರೂ ನೋಡುತ್ತಾರೆ; ನೆಲವನ್ನು ನೋಡುವವರು ಕಡಿಮೆ. ನೆಲ ಅಪ್ಪಟ ಕೆಂಪು, ಗೋಡೆಯ ಮೇಲಿನ ಕಸೂತಿ ಶಾಲು, ಮೇಜಿನ ಮೇಲಿನ ಸಾಮಾನು ಎಲ್ಲ ತಂತಮ್ಮ ಜಾಗದಲ್ಲೇ ಇವೆ. ಕೋಣೆ ಅಷ್ಟು ಗಟ್ಟಿಯಾಗಿ ನಿಂತಿರುವುದರಿಂದಲೇ ಮನುಷ್ಯ ಹಾರುವುದನ್ನು ಕಣ್ಣು ಒಪ್ಪುತ್ತದೆ.

ಮುಂದಿನ ಚಿತ್ರಗಳ ಬಗ್ಗೆ ಎಚ್ಚರಿಕೆಯ ಮಾತೊಂದಿದೆ. 1922ರಲ್ಲಿ ರಷ್ಯಾ ಬಿಟ್ಟ ಷಗಾಲ್ 1985ರವರೆಗೆ ಬದುಕಿ, ಅದೇ ಪಿಟೀಲು, ಅದೇ ಹಸು, ಅದೇ ಜೋಡಿಯನ್ನು ಲೆಕ್ಕವಿಲ್ಲದಷ್ಟು ಸಲ ಬರೆದ. ಅವುಗಳಲ್ಲಿ ಎಷ್ಟೋ ಬರೀ ಸಿಹಿ. ಆದರೆ 1941ರಲ್ಲಿ ನಾಜಿಗಳು ವಿಟೆಬ್ಸ್ಕ್‌ನ ಯಹೂದಿಗಳನ್ನು ಕೊಂದು ಆ ಮನೆಗಳನ್ನೇ ಬರಿದು ಮಾಡಿದರೆಂಬುದನ್ನು ಮರೆತು ಅವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಬಾಲ್ಯದ ಹಬ್ಬಗಳನ್ನು ಕುರಿತು ಯಿಡ್ಡಿಷ್‌ನಲ್ಲಿ ಬರೆದಿಟ್ಟು ಬೆಲ್ಲಾ 1944ರಲ್ಲಿ ತೀರಿಕೊಂಡಳು. ಆ ಬರಹಕ್ಕೆ ಗಂಡನೇ ರೇಖಾಚಿತ್ರ ಬರೆದ. ಹಬ್ಬದ ಮನೆಯನ್ನು ಒಳಗಿನಿಂದ ತಿಳಿಯಲು ಆ ಪುಸ್ತಕ ಚಿತ್ರಗಳಷ್ಟೇ ನೆರವಾಗುತ್ತದೆ.

ಹೀಗೆ ದೂರದಲ್ಲಿದ್ದು ನೆನೆಸಿಕೊಂಡ ಮನೆಗೆ ಕನ್ನಡದ ನೋಡುಗರಿಗೆ ಹತ್ತಿರದ ಉದಾಹರಣೆ ಚಿತ್ರಕಾರ ಕೆ.ಕೆ. ಹೆಬ್ಬಾರ್ (1911–1996). ಉಡುಪಿ ಬಳಿಯ ಕಟ್ಟಿಂಗೇರಿಯವರಾದ ಅವರು ಕಲಿತು, ಕಲಿಸಿ, ನೆಲೆನಿಂತದ್ದು ಮುಂಬೈಯಲ್ಲಿ. ಬಣ್ಣದಲ್ಲಿ ಮತ್ತೆ ಮತ್ತೆ ಹಿಂದಿರುಗಿದ್ದು ಕರಾವಳಿಗೆ. 1949–50ರಲ್ಲಿ ಪ್ಯಾರಿಸ್‌ನಲ್ಲಿ ಅಭ್ಯಾಸ ಮಾಡಿದರೂ ಅಜಂತಾದ ಗೋಡೆ, ಜೈನ ಹಸ್ತಪ್ರತಿಯ ಕಿರುಚಿತ್ರ, ಅಮೃತಾ ಶೇರ್‌ಗಿಲ್ ಬರೆದ ದಕ್ಷಿಣದ ಜನ ಅವರ ಕೈ ಬಿಡಲಿಲ್ಲ. ಹುಡುಗಿ ದೊಡ್ಡವಳಾದ ಸಂದರ್ಭವನ್ನು ಎತ್ತಿಕೊಂಡ 1940ರ ದಶಕದ ಚಿತ್ರ ಅವರ ಹೆಸರಾದ ಕೃತಿಗಳಲ್ಲೊಂದು. ಷಗಾಲ್ ಬಣ್ಣದಿಂದ ಕೋಣೆ ಕಟ್ಟಿದರೆ ಹೆಬ್ಬಾರರು ಗೆರೆಯಿಂದ ಮೈ ಕಟ್ಟುತ್ತಾರೆ. ಕಥಕ್ ಕಲಿತ ಕೈ ಅದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಕೂತವರಿಗೆ ಷಗಾಲ್ ಸಿಗುವುದು ಪುಸ್ತಕದಲ್ಲಿ ಇಲ್ಲವೇ ಮೊಬೈಲಿನಲ್ಲಿ. ಪರದೆಯಲ್ಲಿ ಎಲ್ಲ ಚಿತ್ರವೂ ಒಂದೇ ಅಳತೆ. ಅಸಲಿನಲ್ಲಿ ‘ನಾನು ಮತ್ತು ಹಳ್ಳಿ’ 192 ಸೆಂಟಿಮೀಟರ್ ಎತ್ತರ, ಆಳುದ್ದಕ್ಕೂ ಮಿಗಿಲು. ‘ಹುಟ್ಟುಹಬ್ಬ’ ಸುಮಾರು 81 ಸೆಂಟಿಮೀಟರ್. ಚಿತ್ರದ ಕೆಳಗೆ ಅಳತೆ ಕೊಟ್ಟಿದ್ದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕ ಎಳೆದುಕೊಂಡು ನೋಡುವುದು ಒಳ್ಳೆಯದು. ಕೆಂಪು ಬಣ್ಣ ಪರದೆಯಿಂದ ಪರದೆಗೆ ಬದಲಾಗುವುದರಿಂದ ಒಂದೇ ಚಿತ್ರದ ಎರಡು ಮೂರು ಮುದ್ರಣ ಹೋಲಿಸಬೇಕು. ಬಣ್ಣ ಕಲಸುವ, ಕ್ಯಾನ್ವಾಸ್ ಬಿಗಿಯುವ ಕೆಲಸವನ್ನು ಹತ್ತಿರದಿಂದ ಕಾಣಲು ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ. ಹೆಬ್ಬಾರರ ಅಸಲು ಕೃತಿಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿವೆ. ಆಧುನಿಕ ಭಾರತೀಯ ಚಿತ್ರಕಲೆಗೆಂದೇ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ನಡೆಯುತ್ತಿದೆ.