ನೈದಿಲೆ ಕೊಳಕ್ಕೆ ನಾಲ್ಕು ಚಕ್ರ

ನಮ್ಮನೆಗೆ ಹೊಸ ಸೂಟ್‌ಕೇಸ್ ಬಂದಿದೆ. ಗಟ್ಟಿ ಚಿಪ್ಪಿನದು. ಮೈತುಂಬಾ ಹಸಿರು ನೀರು, ನೈದಿಲೆ ಎಲೆ, ಮೇಲೆ ಬಾಗಿದ ಒಂದು ಮರದ ಸೇತುವೆ. ನನ್ನಾಕೆ ಆರಿಸಿದ್ದು. ಕಾರಣ ಕಲಾಪ್ರೇಮ ಏನಲ್ಲ. "ಏರ್‌ಪೋರ್ಟ್ ಬೆಲ್ಟ್ ಮೇಲೆ ಎಲ್ಲರದ್ದೂ ಕಪ್ಪು, ಇಲ್ಲಾ ನೀಲಿ. ಇದಾದ್ರೆ ದೂರದಿಂದಲೇ ಗೊತ್ತಾಗುತ್ತೆ" ಅಂದಳು. ಒಪ್ಪಬೇಕಾದ ಮಾತೇ.

ಊರಿಂದ ಬಂದಿದ್ದ ಅಮ್ಮ ಅದನ್ನ ಹಾಲ್‌ನಲ್ಲಿ ನೋಡಿ, ಪಕ್ಕದಲ್ಲೇ ಕೂತು, ಕೈಯಾಡಿಸಿ, "ಯಾರೋ ಇದನ್ನ ಬರೆದಿದ್ದು? ಚೆನ್ನಾಗಿ ಬರೆದವ್ನೆ" ಅಂದರು. ನನಗೆ ಉತ್ತರ ಗೊತ್ತಿತ್ತು. ಆದರೂ ಸೂಟ್‌ಕೇಸ್ ಏನು ಹೇಳುತ್ತೆ ನೋಡೋಣ ಅಂತ ತಿರುಗಿಸಿದೆ. ಕಂಪನಿ ಹೆಸರಿತ್ತು, ಎಷ್ಟು ಲೀಟರು ಅಂತಿತ್ತು, ವಾರಂಟಿ ಕಾರ್ಡಿತ್ತು, ನಂಬರ್ ಲಾಕ್ ಬದಲಾಯಿಸೋದು ಹೇಗೆ ಅಂತ ಚಿತ್ರಸಮೇತ ಚೀಟಿ ಇತ್ತು. ಬರೆದವನ ಹೆಸರು ಎಲ್ಲೂ ಇರಲಿಲ್ಲ. ಟ್ಯಾಗ್ ಮೇಲೆ 'ಫ್ಲೋರಲ್' ಅಂತಿತ್ತು. ಅಷ್ಟೆ.

ಬರೆದವನು ಕ್ಲಾಡ್ ಮೋನೆ. ಸ್ಪೆಲ್ಲಿಂಗ್‌ನಲ್ಲಿ ಕೊನೆಗೊಂದು 'ಟಿ' ಇದೆ, ಬಾಯಲ್ಲಿ ಇಲ್ಲ. ಚಿತ್ರ 1899ರದ್ದು, ನೈದಿಲೆ ಕೊಳದ ಮೇಲಿನ ಸೇತುವೆ. ಕೊಳ ಅವನದ್ದೇ. ಫ್ರಾನ್ಸಿನ ಜಿವರ್ನಿ ಅನ್ನೋ ಹಳ್ಳಿಯಲ್ಲಿ ಜಾಗ ಕೊಂಡು, 1893ರಲ್ಲಿ ಹತ್ತಿರದ ಹಳ್ಳದಿಂದ ನೀರು ತಿರುಗಿಸಿಕೊಳ್ಳೋಕೆ ಅರ್ಜಿ ಹಾಕಿದ. ಊರವರು ತಕರಾರು ತೆಗೆದರು: ಇವನು ತರೋ ಪರದೇಶದ ಗಿಡಗಳಿಂದ ನಮ್ಮ ನೀರು ಕೆಟ್ಟರೆ? ಕಲೆಯ ಇತಿಹಾಸದಲ್ಲಿ ಇದನ್ನ ಹಳ್ಳಿಯವರ ದಡ್ಡತನದ ಕತೆಯಾಗಿ ಹೇಳೋದುಂಟು. ಅಲಂಕಾರದ ಗಿಡ ಅಂತ ದಕ್ಷಿಣ ಅಮೆರಿಕದಿಂದ ಹೊರಟ ಅಂತರಗಂಗೆ ನಮ್ಮ ಕೆರೆಗಳನ್ನ ಏನು ಮಾಡಿದೆ ಅಂತ ನೋಡಿಕೊಂಡೇ ಬೆಳೆದ ನಾನು ಮಾತ್ರ ಆ ರೈತರ ಪಕ್ಷ. ಮೋನೆಯ ನೈದಿಲೆ ಅಷ್ಟು ದೂರ ಹೋಗಲಿಲ್ಲ, ಪುಣ್ಯ. ಅವನಿಗೆ ಅನುಮತಿ ಸಿಕ್ಕಿತು, ನಮಗೆ ಚಿತ್ರಗಳು ಸಿಕ್ಕವು.

ಈಗ ಸೂಟ್‌ಕೇಸಿನ ವಿಮರ್ಶೆ. ಮೊದಲೇ ಹೇಳಿಬಿಡ್ತೀನಿ, "ಅಯ್ಯೋ, ಮಹಾನ್ ಕಲೆಯನ್ನ ಪೆಟ್ಟಿಗೆ ಮೇಲೆ ಹಾಕಿದರಲ್ಲ" ಅನ್ನೋ ಜಾತಿಯ ದುಃಖ ನನಗಿಲ್ಲ. ಈ ಕಲಾವಿದರು ಹೊರಗೆ ಬಂದು ಬಿಸಿಲಲ್ಲಿ ಕೂತು ಚಿತ್ರ ಬರೆಯೋಕೆ ಒಂದು ಮುಖ್ಯ ಕಾರಣವೇ ಲಗೇಜು ಹಗುರ ಆಗಿದ್ದು. 1841ರಲ್ಲಿ ಜಾನ್ ರ‍್ಯಾಂಡ್ ಅನ್ನೋ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ತಗೊಂಡ. ಅಲ್ಲಿವರೆಗೆ ಬಣ್ಣವನ್ನ ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಟ್ಯೂಬು ಬಂತು, ರೈಲು ಬಂತು, ಪೆಟ್ಟಿಗೆ ಹಿಡಿದು ಹೊರಟರು. 1877ರಲ್ಲಿ ಮೋನೆ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲ್ವೆ ಸ್ಟೇಷನ್ನನ್ನೇ ಹೊಗೆಸಮೇತ ಮತ್ತೆ ಮತ್ತೆ ಬರೆದ. ಹಾಗಾಗಿ ಲಗೇಜಿಗೂ ಈ ಚಿತ್ರಗಳಿಗೂ ನಂಟು ಹಳೇದೇ. 1874ರಲ್ಲಿ ಅವರ ಮೊದಲ ಪ್ರದರ್ಶನ ನೋಡಿದ ಒಬ್ಬ ಪತ್ರಕರ್ತ, ಇದಕ್ಕಿಂತ ಅರೆಬರೆ ತಯಾರಾದ ವಾಲ್‌ಪೇಪರೇ ವಾಸಿ ಅಂತ ಗೇಲಿ ಮಾಡಿದ್ದ. ಇವತ್ತು ಅದೇ ಮೋನೆ ನಿಜಕ್ಕೂ ವಾಲ್‌ಪೇಪರ್ ಆಗಿದ್ದಾನೆ, ಗೋಡೆಗೂ, ಲ್ಯಾಪ್‌ಟಾಪಿಗೂ.

ತಕರಾರು ಇರೋದು ಕೆಲಸದ ಬಗ್ಗೆ. ಇಂಥ ಸೂಟ್‌ಕೇಸಿಗೆ ಚಿತ್ರವನ್ನ ತೆಳು ಹಾಳೆಯ ಮೇಲೆ ಪ್ರಿಂಟ್ ಮಾಡಿ, ಪಾಲಿಕಾರ್ಬೊನೇಟ್ ಶೀಟಿಗೆ ಕೂಡಿಸಿ, ಕಾಯಿಸಿ, ಅಚ್ಚಿನ ಮೇಲೆ ಎಳೆದು ಕೂರಿಸ್ತಾರೆ. ಚಿಪ್ಪು ಬಲವಾಗಿರಲಿ ಅಂತ ಉದ್ದುದ್ದಕ್ಕೆ ಗೀರುಗಳು. ಆನ್‌ಸೈಟ್ ಅಂತ ನ್ಯೂಜೆರ್ಸಿಯಲ್ಲಿದ್ದಾಗ ಒಂದು ಶನಿವಾರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಮೂಲವನ್ನ ನೋಡಿದ್ದೆ. ಸುಮಾರು 93 ಸೆಂ.ಮೀ. ಎತ್ತರ, 74 ಸೆಂ.ಮೀ. ಅಗಲ, ನಮ್ಮ ಸೂಟ್‌ಕೇಸಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಆದ್ದರಿಂದ ಅಳತೆ ಸಮಸ್ಯೆ ಅಲ್ಲ. ಮೂಲದಲ್ಲಿ ನೈದಿಲೆ ಎಲೆಗಳು ಅಡ್ಡಡ್ಡ ಗೀಟುಗಳಾಗಿ ಹಿಂದಕ್ಕೆ ಸರೀತಾ ಹೋಗ್ತವೆ, ಮರಗಿಡಗಳ ನೆರಳು ಉದ್ದುದ್ದಕ್ಕೆ ನೀರೊಳಗೆ ಇಳಿಯುತ್ತೆ. ಈ ಅಡ್ಡ ಮತ್ತು ಉದ್ದದ ಜಗ್ಗಾಟದಿಂದಲೇ ಕೊಳಕ್ಕೆ ಆಳ ಬಂದಿರೋದು. ಸೂಟ್‌ಕೇಸಿನ ಉದ್ದ ಗೀರುಗಳು ಅಡ್ಡ ಗೀಟುಗಳನ್ನೆಲ್ಲ ತುಂಡು ಮಾಡಿವೆ. ಕೊಳ ಹೋಗಿ ಹಸಿರು ಪರದೆ ಆಗಿದೆ.

ಸೇತುವೆಯ ಗತಿಯೂ ಅಷ್ಟೆ. ಮೂಲದಲ್ಲಿ ಅದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಾಗಿ ದಾಟುತ್ತೆ, ದಡ ಸಿಗೋ ಮೊದಲೇ ಚಿತ್ರ ಮುಗಿಯುತ್ತೆ. ಇಲ್ಲಿ ಅದನ್ನ ಮೂಲೆ ಸುತ್ತಿಸಿ ಜಿಪ್ಪಿನ ಹತ್ತಿರ ತಂದು ಬಿಟ್ಟಿದ್ದಾರೆ. ಜಿಪ್ಪಿನಾಚೆ ಅದೇ ಚಿತ್ರದ ಕನ್ನಡಿ ಪ್ರತಿಬಿಂಬ. ನಮ್ಮ ಕೆಲಸದಲ್ಲಾದರೆ ಇದನ್ನ ಕೋಡ್ ರಿವ್ಯೂನಲ್ಲಿ ವಾಪಸ್ ಕಳಿಸ್ತಿದ್ವಿ. ಅಚ್ಚನ್ನು ಚಿತ್ರಕ್ಕೆ ತಕ್ಕ ಹಾಗೆ ಒಂದು ಸಲ ಯೋಚಿಸಿದ್ದರೆ ಸಾಕಿತ್ತು: ಗೀರುಗಳನ್ನ ಬದಿಗಳಿಗೆ ಸರಿಸಿ, ಮುಂಭಾಗ ನುಣುಪಾಗಿ ಬಿಟ್ಟಿದ್ದರೆ ಅರ್ಧ ಕೊಳವಾದರೂ ಉಳೀತಿತ್ತು.

ಇದೆಲ್ಲವನ್ನೂ ಕ್ಷಮಿಸಬಹುದು. ಕ್ಷಮಿಸೋಕೆ ಕಷ್ಟ ಆಗೋದು ಆ 'ಫ್ಲೋರಲ್' ಟ್ಯಾಗನ್ನ.

ಊರಲ್ಲಿ ನಮ್ಮನೆ ನಡುಮನೆಯ ಗೋಡೆ ಮೇಲೆ ತಾವರೆ ಮೇಲೆ ನಿಂತ ಲಕ್ಷ್ಮಿ ಇದ್ದಳು. ದಿನಾ ಅಮ್ಮ ಹೂವು ಮುಡಿಸ್ತಿದ್ದರು. ಆ ಲಕ್ಷ್ಮಿಯನ್ನ ರಾಜಾ ರವಿವರ್ಮ ಬರೆದದ್ದು, 1894ರಲ್ಲಿ ಅವನು ಮುಂಬೈಯಲ್ಲಿ ಪ್ರೆಸ್ ಹಾಕಿದ್ದಕ್ಕೇ ಇಂಥ ದೇವರ ಪಟಗಳು ಮನೆಮನೆಗೆ ಬಂದವು ಅನ್ನೋದು ನನಗೆ ಗೊತ್ತಾಗಿದ್ದು ಬಿಇ ಓದುವಾಗ, ಹಾಸ್ಟೆಲ್ಲಿನಲ್ಲಿ, ಒಂದು ಹಳೇ ಪುರವಣಿ ಓದಿ. ಹದಿನೆಂಟು ವರ್ಷ ನೋಡಿದ ಚಿತ್ರಕ್ಕೊಬ್ಬ ಬರೆದವನಿದ್ದಾನೆ ಅಂತ ನನಗೆ ಹೊಳೆದೇ ಇರಲಿಲ್ಲ. ನಮ್ಮ ಪಟದ ಮೇಲೆ ದೊಡ್ಡದಾಗಿ ಇದ್ದದ್ದು ಬಟ್ಟೆ ಅಂಗಡಿ ಹೆಸರು.

ಮ್ಯೂಸಿಯಂ ಇರೋ ಊರಲ್ಲಿ ಹುಟ್ಟಿದವರಿಗೆ ಹೆಸರು ಬೇರೆ ದಾರಿಯಲ್ಲಿ ಸಿಗುತ್ತೆ. ನಮ್ಮಂಥವರಿಗೆ ಕ್ಯಾಲೆಂಡರು, ಬಿಸ್ಕತ್ ಡಬ್ಬಿ, ಸೂಟ್‌ಕೇಸುಗಳೇ ಮ್ಯೂಸಿಯಂ. ಅದಕ್ಕೇ ನಕಲಿನ ಮೇಲೆ ನನಗೆ ಸಿಟ್ಟಿಲ್ಲ, ಹೆಸರಿಲ್ಲದ ನಕಲಿನ ಮೇಲೆ ಇದೆ. ಮೋನೆ ತೀರಿಕೊಂಡದ್ದು 1926ರಲ್ಲಿ, ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ. ಈ ಚಿತ್ರದ ಒಳ್ಳೇ ಫೋಟೊವನ್ನ ಮೆಟ್ ಮ್ಯೂಸಿಯಮ್ಮೇ ಯಾರು ಬೇಕಾದರೂ ಬಳಸಿ ಅಂತ ಬಿಟ್ಟಿದೆ. ಹೆಸರು ಹಾಕಲೇಬೇಕು ಅನ್ನೋ ಕಾನೂನಿಲ್ಲ, ನಿಜ. ಆದರೆ ಓಪನ್ ಸೋರ್ಸ್ ತಿಂದು ಬದುಕೋ ನಮಗೆ ಗೊತ್ತು: ಎಮ್‌ಐಟಿ ಲೈಸೆನ್ಸು ಎಲ್ಲ ಬಿಟ್ಟುಕೊಟ್ಟು ಕೇಳೋದು ಒಂದೇ, ಬರೆದವರ ಹೆಸರಿರೋ ಆ ನಾಲ್ಕು ಸಾಲು ಅಳಿಸಬೇಡಿ ಅಂತ.

ಹಾಗಂತ ಇನ್ನೊಂದು ಅತಿಯೂ ಬೇಡ. 2017ರಲ್ಲಿ ಜೆಫ್ ಕೂನ್ಸ್ ಲೂಯಿ ವಿಟಾನ್‌ಗೆ ಮಾಡಿಕೊಟ್ಟ ಬ್ಯಾಗುಗಳಲ್ಲಿ ನೈದಿಲೆ ಚಿತ್ರದ ಮೇಲೇ ಮೋನೆ ಅಂತ ದೊಡ್ಡ ಹೊಳೆಯೋ ಅಕ್ಷರ ಕೂರಿಸಿದ್ದರು. ಅಲ್ಲಿ ಹೆಸರೇ ಸರಕು. ನಾನು ಕೇಳ್ತಿರೋದು ಒಳಗಿನ ಲೈನಿಂಗ್ ಮೇಲೆ ಬೆರಳಗಲದ ಒಂದು ಚೀಟಿ: ಯಾರು, ಯಾವಾಗ, ಮೂಲ ಎಲ್ಲಿದೆ. ಲಾಕ್ ಬದಲಾಯಿಸೋದು ಹೇಗೆ ಅಂತ ಅಷ್ಟುದ್ದ ಬರೆದವರಿಗೆ ಇದು ಎಷ್ಟರ ಖರ್ಚು?

ಅಮ್ಮನಿಗೆ ಮೋನೆ ಕತೆ ಹೇಳಿದೆ. ಊರವರು ನೀರಿನ ತಕರಾರು ತೆಗೆದರು ಅಂದಾಗ "ಮತ್ತೆ ತೆಗೀದೆ ಬಿಡ್ತಾರಾ?" ಅಂದರು. ಆಮೇಲೆ ಹೆಸರನ್ನ ಎರಡು ಸಲ ಹೇಳಿಸಿಕೊಂಡರು. ನಾನು ಒಂದು ಬಿಳಿ ಸ್ಟಿಕ್ಕರಿನ ಮೇಲೆ 'ಕ್ಲಾಡ್ ಮೋನೆ, 1899' ಅಂತ ಬರೆದು ಸೂಟ್‌ಕೇಸಿನ ಒಳಗೆ ಅಂಟಿಸಿದ್ದೀನಿ. ಕೆಳಗೆ ನಮ್ಮ ಫೋನ್ ನಂಬರೂ ಇದೆ, ಕಳೆದರೆ ಬೇಕಾಗುತ್ತೆ.