ಸಹೀ ಲಗಾ ದೋ, ಭೈಯಾ

ಹಿಂದಿಯಲ್ಲಿ ಬೆಲೆ ಇಳಿಸಿ ಕೇಳುವುದಕ್ಕೆ ‘ಮೋಲ್-ಭಾವ್’ ಎನ್ನುತ್ತಾರೆ. ನಮ್ಮ ಚೌಕಾಶಿಯೇ ಅದು. ಆದರೆ ದೆಹಲಿ, ಲಖನೌ, ಜೈಪುರ, ಕಾಶಿಗಳ ಬಜಾರಿನಲ್ಲಿ ಅದಕ್ಕೆ ತನ್ನದೇ ವ್ಯಾಕರಣವಿದೆ. ಉತ್ತರ ಭಾರತಕ್ಕೆ ಹೋದ ಕನ್ನಡಿಗರು ಸಾಮಾನ್ಯವಾಗಿ ಎರಡು ಮಾತು ಕಲಿತು ಹೋಗುತ್ತಾರೆ: ‘ಕಿತ್ನಾ?’ ಮತ್ತು ‘ಕಮ್ ಕರೋ’. ಈ ಎರಡರಿಂದ ಕೆಲಸ ನಡೆಯುತ್ತದೆ, ಆದರೆ ಬೆಲೆ ಹೆಚ್ಚು ಇಳಿಯುವುದಿಲ್ಲ.

ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು ಎನ್ನುವುದು ಮೊದಲು ತಿಳಿಯಬೇಕಾದ ವಿಷಯ. ದೆಹಲಿಯ ಬಾಬಾ ಖಡಕ್ ಸಿಂಗ್ ಮಾರ್ಗದಲ್ಲಿ ರಾಜ್ಯ ಸರ್ಕಾರಗಳ ಎಂಪೋರಿಯಂಗಳು ಸಾಲಾಗಿ ನಿಂತಿವೆ. ಕರ್ನಾಟಕದ ‘ಕಾವೇರಿ’ಯೂ ಅಲ್ಲೇ ಇದೆ. ಅಲ್ಲಿ ಚೀಟಿಯಲ್ಲಿ ಬರೆದ ಬೆಲೆಯೇ ಬೆಲೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಜನಪಥದ ಸಾಲು ಅಂಗಡಿಗಳಲ್ಲಿ ಹೇಳಿದ ಬೆಲೆ ಬರೀ ಮಾತಿನ ಆರಂಭ. ‘ಏಕ್ ದಾಮ್’ ಅಥವಾ ‘ಫಿಕ್ಸ್ ರೇಟ್’ ಎಂಬ ಬೋರ್ಡ್ ಇದ್ದರೆ ಒಂದೇ ಸಲ ಮೆತ್ತಗೆ ಕೇಳಿ ಬಿಟ್ಟುಬಿಡುವುದು ಮರ್ಯಾದೆ. ಪ್ಯಾಕೆಟ್ಟಿನ ಸರಕಿನ ಲೆಕ್ಕ ಬೇರೆ. ಮುದ್ರಿತ ಎಂಆರ್‌ಪಿ ಗರಿಷ್ಠ ಮಿತಿ ಮಾತ್ರ. ಅದಕ್ಕಿಂತ ಕಡಿಮೆಗೆ ಮಾರಲು ಯಾವ ಅಡ್ಡಿಯೂ ಇಲ್ಲ. ಹಾಗಾಗಿ ನಈ ಸಡಕಿನ ಪುಸ್ತಕದಂಗಡಿಯಲ್ಲಾಗಲಿ, ಭಾಗೀರಥ್ ಪ್ಯಾಲೇಸಿನ ವಿದ್ಯುತ್ ಸಾಮಾನಿನ ಅಂಗಡಿಯಲ್ಲಾಗಲಿ ‘ಕಿತ್ನಾ ಲೆಸ್ ಹೋಗಾ?’ ಎಂದು ಕೇಳುವುದು ರೂಢಿ. ‘ಡಿಸ್ಕೌಂಟ್’ ಎಂಬ ಮಾತು ಬ್ರ್ಯಾಂಡ್ ಮಳಿಗೆಗೆ ಸರಿ. ಬೀದಿ ಬಜಾರಿನಲ್ಲಿ ಅದನ್ನು ಆಡಿದವರು ಹೊರಗಿನವರೆಂದು ಅಂಗಡಿಯವನಿಗೆ ಕೂಡಲೇ ತಿಳಿಯುತ್ತದೆ.

ಮೊದಲ ಪ್ರಶ್ನೆ ಬೆಲೆಯದು. ತರಕಾರಿ, ಹಣ್ಣಿನ ಗಾಡಿಯ ಮುಂದೆ ‘ಕಿತ್ನಾ’ ಎನ್ನುವುದಕ್ಕಿಂತ ‘ಟಮಾಟರ್ ಕೈಸೇ ದಿಯೇ?’ ಎನ್ನುವುದು ಒಳಗಿನವರ ಮಾತು. ನಮ್ಮಲ್ಲಿ ‘ಬದನೆಕಾಯಿ ಹೆಂಗೆ ಕೊಟ್ರಿ?’ ಎನ್ನುವಂತೆಯೇ, ಇನ್ನೂ ಕೊಡದ ವಸ್ತುವನ್ನು ಆಗಲೇ ಕೊಟ್ಟಂತೆ ಮಾತಾಡುವ ರೀತಿ ಇದು. ಬಟ್ಟೆಬರೆಗೆ ‘ಕಿತ್ನೇ ಕಾ’ ಬರುತ್ತದೆ, ಕನ್ನಡಿಗರ ನಾಲಿಗೆ ಎಡವುವುದೂ ಇಲ್ಲಿಯೇ. ಕನ್ನಡದಲ್ಲಿ ಸೀರೆಯೂ ‘ಅದು’, ಜುಬ್ಬವೂ ‘ಅದು’. ಹಿಂದಿಯಲ್ಲಿ ಸೀರೆ ಹೆಣ್ಣು, ಕುರ್ತಾ ಗಂಡು: ‘ಸಾಡೀ ಕಿತ್ನೇ ಕೀ ಹೈ’, ‘ಕುರ್ತಾ ಕಿತ್ನೇ ಕಾ ಹೈ’. ತರಕಾರಿಯಲ್ಲೂ ಹಾಗೆಯೇ, ಬೆಂಡೆಕಾಯಿಗೆ ‘ಭಿಂಡೀ ಕೈಸೇ ದೀ?’ ಎನ್ನಬೇಕು. ತಪ್ಪಿದರೆ ಯಾರೂ ನಗುವುದಿಲ್ಲ, ಆದರೆ ಹೇಳುವ ಬೆಲೆ ಸ್ವಲ್ಪ ಮೇಲೇರಬಹುದು. ಬೀದರ್, ಕಲಬುರಗಿ, ಬೆಂಗಳೂರಿನ ಶಿವಾಜಿನಗರದ ಕಡೆ ದಖನಿ ಕೇಳಿ ಬೆಳೆದವರು ‘ಕಿತ್ತೇ ಕೂ?’ ಎನ್ನುತ್ತಾರೆ. ಅದು ತನ್ನ ನೆಲದಲ್ಲಿ ಸೊಗಸಾದ ಮಾತು. ದೆಹಲಿಯ ಕಿವಿಗೆ ಮಾತ್ರ ಅದು ದಕ್ಷಿಣದವರು ಬಂದರೆಂಬ ಸೂಚನೆ.

ಕರೆಯುವ ಬಗೆ ಮುಂದಿನದು. ‘ಭೈಯಾ’ ಎಲ್ಲೆಡೆ ಸಲ್ಲುವ ಮಾತು. ವಯಸ್ಸಾದ ಅಂಗಡಿ ಮಾಲೀಕರಿಗೆ ‘ಭಾಯೀ ಸಾಹಬ್’ ಅಥವಾ ‘ಅಂಕಲ್’, ಹಣ್ಣುಗೂದಲಿನ ಗಾಡಿಯವರಿಗೆ ‘ಚಾಚಾ’, ಮಾರುವ ಹೆಂಗಸಿಗೆ ‘ದೀದಿ’ ಅಥವಾ ‘ಆಂಟಿ’. ಗುರುತಿಲ್ಲದವರಿಗೆ ‘ಯಾರ್’ ಎನ್ನುವುದು ಸಲ್ಲ, ‘ತೂ’ ಅಂತೂ ಜಗಳಕ್ಕೆ ಕರೆದಂತೆ. ಕನ್ನಡಿಗರು ‘ಕೊಡಿ’ ಎನ್ನುವ ಅಭ್ಯಾಸದಿಂದ ‘ದೀಜಿಯೇ’ ಎನ್ನುತ್ತಾರೆ. ಅದು ತಪ್ಪಲ್ಲ, ಗದ್ದಿಯ ಮೇಲೆ ಕುಳಿತು ವ್ಯಾಪಾರ ಮಾಡುವ ದೊಡ್ಡ ಅಂಗಡಿಗಳಲ್ಲಿ ಅದೇ ಒಪ್ಪುತ್ತದೆ. ಆದರೆ ಬೀದಿಯಲ್ಲಿ ‘ಭೈಯಾ, ದೇ ದೋ’ ಎಂದರೆ ಅಗೌರವವೇನೂ ಇಲ್ಲ. ‘ಭೈಯಾ’ ಎಂಬ ಸಂಬಂಧ ಆ ಮಾತಿನ ಒರಟನ್ನು ತೆಗೆದಿರುತ್ತದೆ.

ಇನ್ನು ಕೇಳುವ ಮಾತು. ‘ಕಮ್ ಕರೋ’ ಬರಿಯ ಆಜ್ಞೆ. ‘ಕಮ್ ಕರ್ ದೋ’ ಎಂದಾಗ ಅದರಲ್ಲಿ ‘ಮಾಡಿಕೊಡಿ’ ಎಂಬ ಕೇಳಿಕೆ ಸೇರುತ್ತದೆ. ‘ಕುಛ್ ಕಮ್ ಹೋ ಜಾಯೇಗಾ?’ ಅದಕ್ಕಿಂತ ಮೆತ್ತಗಿನದು, ‘ಸ್ವಲ್ಪ ಕಡಿಮೆ ಆಗುತ್ತಾ?’ ಎಂಬ ನಮ್ಮ ಮಾತಿನ ಹಾಗೆ. ಇಲ್ಲಿ ಇಳಿಸುವವರು ಯಾರೂ ಇಲ್ಲ, ಬೆಲೆಯೇ ತಾನಾಗಿ ಇಳಿಯಬಹುದೇ ಎಂಬ ಪ್ರಶ್ನೆ ಅಷ್ಟೇ. ಅಂಗಡಿಯವನಿಗೆ ಸೋತಂತಾಗುವುದಿಲ್ಲ. ಆದರೆ ಎಲ್ಲಕ್ಕಿಂತ ಬಲವಾದ ಮಾತಿನಲ್ಲಿ ‘ಕಮ್’ ಎಂಬುದೇ ಇರುವುದಿಲ್ಲ: ‘ಸಹೀ ಲಗಾ ದೋ’, ‘ಠೀಕ್-ಠೀಕ್ ಲಗಾವೊ’. ಬೆಲೆ ಇಳಿಸು ಎನ್ನುವುದು ದಾನ ಕೇಳಿದಂತೆ. ಸರಿಯಾಗಿ ಹಾಕು ಎನ್ನುವುದು ನ್ಯಾಯ ಕೇಳಿದಂತೆ. ಹೇಳಿದ್ದು ಸರಿಯಾದ ಬೆಲೆಯಲ್ಲ ಎಂಬುದು ಇಬ್ಬರಿಗೂ ಗೊತ್ತು, ಆದರೆ ಸುಳ್ಳು ಎಂದು ಯಾರೂ ಅನ್ನಬೇಕಾಗಿಲ್ಲ. ಹಿಂದಿ ಬಜಾರಿನಲ್ಲಿ ಚೆನ್ನಾಗಿ ಕೊಳ್ಳುವವರನ್ನು ಗಮನಿಸಿದರೆ ಅವರ ಬಾಯಲ್ಲಿ ಹೆಚ್ಚು ಬರುವುದು ಈ ‘ಲಗಾನಾ’.

ಅಂಕಿಗಳು ನಿಜವಾದ ಕಷ್ಟ. ‘ಎಪ್ಪತ್ತೊಂಬತ್ತು’ ಎಂದು ಕನ್ನಡ ಬಿಡಿಸಿ ಹೇಳುವುದನ್ನು ಹಿಂದಿ ‘ಉನ್ಯಾಸೀ’ ಎನ್ನುತ್ತದೆ; ಎಂಬತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕ. ‘ಉನ್‌ಸಠ್’ ಐವತ್ತೊಂಬತ್ತು, ‘ಉನ್‌ಹತ್ತರ್’ ಅರವತ್ತೊಂಬತ್ತು. ಈ ಸೂತ್ರ ಹಿಡಿದು ಹೋದವರಿಗೆ ಎಂಬತ್ತೊಂಬತ್ತು (‘ನವಾಸೀ’) ಮತ್ತು ತೊಂಬತ್ತೊಂಬತ್ತು (‘ನಿನ್ಯಾನವೇ’) ಕೈಕೊಡುತ್ತವೆ. ‘ಪಚಾಸ್’ ಐವತ್ತು, ‘ಪಚಾಸೀ’ ಎಂಬತ್ತೈದು. ಗದ್ದಲದಲ್ಲಿ ಕೊನೆಯ ಸ್ವರ ಕೇಳದಿದ್ದರೆ ಮೂವತ್ತೈದು ರೂಪಾಯಿ ವ್ಯತ್ಯಾಸ. ‘ಸಾತ್’ ಏಳು, ‘ಸಾಠ್’ ಅರವತ್ತು. ಭಿನ್ನರಾಶಿಗಳಲ್ಲಿ ‘ಡೇಢ್’ ಒಂದೂವರೆ, ‘ಢಾಈ’ ಎರಡೂವರೆ, ‘ಸಾಢೇ ತೀನ್’ ಮೂರೂವರೆ. ಇವುಗಳ ಮುಂದಿನ ‘ಸೌ’, ‘ಹಜಾರ್’ಗಳನ್ನು ಬಜಾರು ನುಂಗಿಬಿಡುತ್ತದೆ. ದುಪಟ್ಟಾದ ಮುಂದೆ ‘ಡೇಢ್’ ಎಂದರೆ 150, ಶಾಲಿನ ಮುಂದೆ ಅದೇ ಮಾತು 1500. ಅತಿ ಹೆಚ್ಚು ಗೊಂದಲ ತರುವುದು ‘ಪೌನೇ’. ಕನ್ನಡದ ‘ಒಂದೂಮುಕ್ಕಾಲು’ ಒಂದರಿಂದ ಮುಂದಕ್ಕೆ ಎಣಿಸುತ್ತದೆ. ಹಿಂದಿಯ ‘ಪೌನೇ ದೋ’ ಎರಡರಿಂದ ಹಿಂದಕ್ಕೆ ಬರುತ್ತದೆ. ‘ಪೌನೇ ದೋ ಸೌ’ ಎಂದಾಗ ಕಿವಿಗೆ ‘ದೋ ಸೌ’ ಮಾತ್ರ ಬಿದ್ದವರು 175ರ ವಸ್ತುವಿಗೆ 200 ತೆಗೆಯುತ್ತಾರೆ.

ಕರೋಲ್ ಬಾಗಿನ ಒಂದು ಕುರ್ತಾ ಅಂಗಡಿಯ ಮಾತುಕತೆ ಹೀಗಿರುತ್ತದೆ ಎಂದಿಟ್ಟುಕೊಳ್ಳಬಹುದು. ಬೆಲೆ ‘ಆಠ್ ಸೌ’. ಕೊಳ್ಳುವವರು ಬಟ್ಟೆಯನ್ನು ಮಡಿಸಿ ಇಡುತ್ತ ‘ಬಹುತ್ ಜ್ಯಾದಾ ಹೈ ಭೈಯಾ, ಸಹೀ ಲಗಾವೊ’ ಎನ್ನುತ್ತಾರೆ. ಉತ್ತರ: ‘ಆಪ್ ಬತಾವೊ, ಕ್ಯಾ ದೋಗೇ?’ ಇದು ಬಲೆ. ಮೊದಲು ಅಂಕಿ ಹೇಳಿದವರು ಅದಕ್ಕಿಂತ ಕೆಳಗೆ ಬರುವಂತಿಲ್ಲ. ಅನುಭವಿಗಳು ಅಂಕಿ ಹೇಳದೆ ‘ಆಪ್ ಹೀ ಬೋಲೋ, ಲೇನೇ ವಾಲಾ ದಾಮ್’ ಎಂದು ಚೆಂಡನ್ನು ಅತ್ತಲೇ ತಳ್ಳುತ್ತಾರೆ. ‘ಚಲೋ, ಸಾತ್ ಸೌ.’ ಈಗ ಇವರ ಸರದಿ: ‘ಚಾರ್ ಸೌ.’ ‘ಇತ್ನೇ ಮೇ ತೋ ಹಮೇ ಭೀ ನಹೀ ಪಡ್ತಾ’, ನಮಗೇ ಈ ಬೆಲೆಗೆ ಬೀಳುವುದಿಲ್ಲ. ಇದಕ್ಕೆ ವಾದ ಹೂಡಬಾರದು, ತಲೆಯಾಡಿಸಿ ‘ಸಾಢೇ ಚಾರ್’ ಎನ್ನಬೇಕು. ಆತ ತಲೆ ಅಡ್ಡಡ್ಡ ಆಡಿಸಿದರೆ ‘ಕೋಯೀ ಬಾತ್ ನಹೀ’ ಎಂದು ಹೊರಟುಬಿಡುವುದು. ಎರಡು ಹೆಜ್ಜೆಗೆ ‘ಅಚ್ಛಾ ಸುನಿಯೇ, ಆಖಿರೀ, ಪಾಂಚ್ ಸೌ’ ಎಂಬ ಕೂಗು ಬಂದರೆ ಬೆಲೆ ಅಲ್ಲಿಯೇ ನಿಂತಿದೆ ಎಂದರ್ಥ. ಕೂಗು ಬರದಿದ್ದರೆ ನಾಲ್ಕೂವರೆ ನೂರು ನಿಜಕ್ಕೂ ಕಡಿಮೆಯಾಯಿತು ಎಂದು ತಿಳಿದು, ಮುಂದಿನ ಅಂಗಡಿಯಲ್ಲಿ ಐನೂರಕ್ಕೆ ಕೇಳಬಹುದು. ಕೂಗು ಬಂದ ಮೇಲೂ ಒಂದು ದಾರಿ ಉಳಿದಿರುತ್ತದೆ: ‘ದೋ ಲೂಂಗೀ ತೋ?’ ಎರಡು ತಗೊಂಡರೆ? ಕೇಳುವವರು ಗಂಡಸಾದರೆ ‘ಲೂಂಗಾ’.

ಇಷ್ಟರ ನಡುವೆ ಒಂದು ಕಟ್ಟುಪಾಡು ಮೀರಬಾರದ್ದು. ತಾನು ಹೇಳಿದ ಅಂಕಿಗೆ ಅಂಗಡಿಯವನು ಒಪ್ಪಿದ ಮೇಲೆ ಕೊಳ್ಳಲೇಬೇಕು. ‘ಬರೀ ಕೇಳಿ ನೋಡಿದೆ’ ಎನ್ನುವುದು ಯಾವ ಬಜಾರಿನಲ್ಲೂ ಕ್ಷಮೆಯಿಲ್ಲದ ನಡತೆ, ಮತ್ತು ಹಾಗೆ ಕ್ಷಮಿಸದಿರುವುದು ನ್ಯಾಯವೂ ಹೌದು. ಬೆಳಗಿನ ಹೊತ್ತು ಇದು ಇನ್ನೂ ಗಂಭೀರ. ನಮ್ಮ ಬೋಣಿಯನ್ನೇ ಅಲ್ಲಿ ‘ಬೋಹನೀ’ ಎನ್ನುತ್ತಾರೆ. ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ದಿನವೆಲ್ಲ ಹಾಗೇ ಎಂಬ ನಂಬಿಕೆ ಅಲ್ಲೂ ಗಟ್ಟಿ. ‘ಬೋಹನೀ ಕಾ ಟೈಮ್ ಹೈ’ ಎಂದು ಅಂಗಡಿಯವನು ಲಾಭ ಬಿಟ್ಟು ಕೊಡಲು ಸಿದ್ಧನಿರುತ್ತಾನೆ. ಕೊಳ್ಳುವ ಮನಸ್ಸಿಲ್ಲದವರು ಆ ಹೊತ್ತಿಗೆ ಬೆಲೆ ಕೇಳಲೇ ಬಾರದು.

ಚಿನ್ನ-ಬೆಳ್ಳಿಯ ಚೌಕಾಶಿ ಬೇರೆ ಜಾತಿಯದು. ಶಹಜಹಾನನ ಮಗಳು ಜಹಾನಾರಾ ಕಟ್ಟಿಸಿದ ಚಾಂದನಿ ಚೌಕದಿಂದ ಒಳಸರಿಯುವ ದರೀಬಾ ಕಲಾನ್ ಬೆಳ್ಳಿಯ ಗಲ್ಲಿ. ಅಲ್ಲಿ ಲೋಹದ ದಿನದ ದರ ಎಲ್ಲರಿಗೂ ಗೊತ್ತಿರುತ್ತದೆ, ಅದರ ಮೇಲೆ ಮಾತಿಲ್ಲ. ಮಾತೆಲ್ಲ ಮಜೂರಿಯ ಮೇಲೆ: ‘ಮೇಕಿಂಗ್ ಕಿತ್ನೀ ಲಗಾಯೀ?’ ತೂಕ, ದರ, ಮಜೂರಿ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳದೆ ಒಟ್ಟು ಮೊತ್ತದಲ್ಲಿ ಚೌಕಾಶಿ ಮಾಡಿದವರಿಗೆ ಏನು ಇಳಿಯಿತೆಂದೇ ತಿಳಿಯುವುದಿಲ್ಲ.

ಕಾಶಿಯ ಸೀರೆಯೂ ಹಾಗೆಯೇ. ಯಾತ್ರೆ ಮುಗಿಸಿದ ನಮ್ಮವರು ಬನಾರಸಿ ಸೀರೆ ಕೊಳ್ಳದೆ ಬರುವುದು ಅಪರೂಪ. ದೋಣಿಯವನೋ ಆಟೋದವನೋ ಕರೆದುಕೊಂಡು ಹೋದ ಅಂಗಡಿಯಲ್ಲಿ ಅವನ ಕಮಿಷನ್ ಬೆಲೆಯೊಳಗೆ ಸೇರಿರುತ್ತದೆ. ಎಷ್ಟು ಇಳಿಸಿದರೂ ಆ ಭಾಗ ಇಳಿಯುವುದಿಲ್ಲ. ಚೌಕ್ ಕಡೆಯ ಗಲ್ಲಿಗಳಿಗೆ ತಾವೇ ನಡೆದು ಹೋಗುವುದು ಮೇಲು. ಬೆಲೆಗೆ ಮೊದಲು ಕೇಳಬೇಕಾದ್ದು ‘ಹ್ಯಾಂಡ್‌ಲೂಮ್ ಹೈ ಯಾ ಪವರ್‌ಲೂಮ್?’ ಆಮೇಲೆ ಸೀರೆಯನ್ನು ಮಗುಚಿ ಹಿಂಬದಿ ನೋಡಬೇಕು. ಬುಟ್ಟಾಗಳನ್ನು ಒಂದೊಂದಾಗಿ ಕೂಡಿಸಿ ನೇಯ್ದ ‘ಕಢುವಾ’ದಲ್ಲಿ ಹಿಂದೆ ಕತ್ತರಿಸಿದ ಎಳೆಗಳು ಕಾಣುವುದಿಲ್ಲ. ‘ಕಢುವಾ ಹೈ ಕ್ಯಾ?’ ಎಂದು ಕೇಳಿದವರಿಗೆ ಹೇಳುವ ಬೆಲೆಯೇ ಬೇರೆಯಿರುತ್ತದೆ. ರೇಷ್ಮೆ ಅಪ್ಪಟವೋ ಎಂಬುದಕ್ಕೆ ಸಿಲ್ಕ್ ಮಾರ್ಕ್ ಚೀಟಿ ಕೇಳಬಹುದು. ಅದರ ಹಿಂದಿರುವ ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ಕೈಮಗ್ಗದ ಸೀರೆಯನ್ನು ನೇಕಾರನಿಂದಲೇ ನೇರವಾಗಿ ಕೊಳ್ಳುವಾಗ ಮಾತ್ರ ಅರ್ಧಕ್ಕೆ ಕೇಳುವ ಪದ್ಧತಿ ಬಿಡಬೇಕು. ಅಲ್ಲಿ ಇಳಿಯುವುದು ದಲ್ಲಾಳಿಯ ಲಾಭವಲ್ಲ, ಒಂದು ಮನೆಯ ಹಲವು ದಿನಗಳ ಕೂಲಿ.

ವ್ಯಾಪಾರ ಮುಗಿದ ಮೇಲಿನ ಸಣ್ಣ ರಿಯಾಯಿತಿಗೂ ಮಾತುಗಳಿವೆ. ಒಟ್ಟು 520 ಆದರೆ ‘ಊಪರ್ ಕೇ ಬೀಸ್ ಛೋಡ್ ದೋ’. ಫೋನಿನಲ್ಲಿ ಹಣ ಕಳಿಸುವ ಕಾಲ ಬಂದ ಮೇಲೆ ‘ಛುಟ್ಟಾ ನಹೀ ಹೈ’ ಎಂಬ ನೆಪ ಸವೆದಿದೆ, ಆದರೂ ಈ ಕೇಳಿಕೆ ಉಳಿದಿದೆ. ತರಕಾರಿಯವನ ಬಳಿ ಐದು ರೂಪಾಯಿಗೆ ಜಗ್ಗಾಡುವ ಬದಲು ‘ಥೋಡಾ ಧನಿಯಾ-ಮಿರ್ಚ್ ಡಾಲ್ ದೋ’ ಎನ್ನುವುದು ಉತ್ತರದ ಗೃಹಿಣಿಯರ ರೂಢಿ, ನಮ್ಮ ಕೊಸರಿನ ಹಾಗೆ. ನಾಲ್ಕು ಎಳೆ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ ಚೀಲಕ್ಕೆ ಬೀಳುತ್ತವೆ. ಬೆಲೆಬಾಳುವ ವಸ್ತುವಾದರೆ ಕೊನೆಯ ಮಾತು ಬಿಲ್ಲಿನದು. ‘ಬಿಲ್ ಕೇ ಬಿನಾ ಔರ್ ಕಮ್ ಹೋ ಜಾಯೇಗಾ’ ಎಂದು ಅಂಗಡಿಯವನು ಆಸೆ ತೋರಿಸಬಹುದು. ‘ಪಕ್ಕಾ ಬಿಲ್ ದೀಜಿಯೇ’ ಎನ್ನುವುದೇ ಸರಿ. ಬಣ್ಣ ಬಿಟ್ಟ ಸೀರೆಯನ್ನೋ ಕೆಟ್ಟುನಿಂತ ಮಿಕ್ಸರನ್ನೋ ಮರಳಿ ಒಯ್ದಾಗ, ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ ‘ಕಚ್ಚಾ ಬಿಲ್’ ತನ್ನದೆಂದು ಯಾವ ಅಂಗಡಿಯೂ ಒಪ್ಪುವುದಿಲ್ಲ.